ರೂಮಿನ ನಾಲ್ಕನೇ ಕಾಟ್

ಹಾಸ್ಟೆಲ್ಲಿಗೆ ಬಂದ ಮೊದಲ ವಾರದಲ್ಲೇ ನಮ್ಮ ನಾಲ್ವರ ಹೆಸರು ಕಳೆದುಹೋದವು. ಮೆಸ್ಸಿನ ಕಾಕಾ, ವಾರ್ಡನ್, ಸೀನಿಯರ್‌ಗಳು, ಎಲ್ಲರೂ ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯತೊಡಗಿದರು. ಒಬ್ಬ ಬೈಲಹೊಂಗಲ, ಒಬ್ಬ ಕಿತ್ತೂರು, ಒಬ್ಬ ಸವದತ್ತಿ, ಮತ್ತೊಬ್ಬ ರಾಮದುರ್ಗ. "ಏ ಸವದತ್ತಿ, ನನ್ನ ಬಕೆಟ್ ಎಲ್ಲಿಟ್ಟೀಲೇ?", "ರಾಮದುರ್ಗ ಇನ್ನೂ ಎದ್ದಿಲ್ಲ, ಬೈಲಹೊಂಗಲ ಆಗಲೇ ಸ್ನಾನಕ್ಕ ಹೋಗೇತಿ" ಅನ್ನೋ ಮಾತು ಕೇಳಿದ ಹೊಸಬರು ಇದೇನು ರೂಮೋ ಬಸ್ ಸ್ಟ್ಯಾಂಡೋ ಅಂತ ನಗುತ್ತಿದ್ದರು.

ಈಗ ರೂಮಿನಲ್ಲಿ ಮೂವರೇ ಇದ್ದೇವೆ. ಈ ಲೇಖನದಲ್ಲಿ "ನಾವು" ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ. ರಾಮದುರ್ಗ ಕಳೆದ ಡಿಸೆಂಬರಿನಲ್ಲಿ, ಮೂರನೇ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆಯೇ ಊರಿಗೆ ಹೋದವನು ವಾಪಸ್ ಬರಲಿಲ್ಲ. ಅವನ ಬಗ್ಗೆ ಬರೆಯುತ್ತೇವೆ ಅಂದಾಗ, "ಬರೀರಿ, ಆದ್ರ ಹೆಸರು ಹಾಕಬ್ಯಾಡ್ರಿ" ಅಂದ. ಹಾಕಿಲ್ಲ. ನಮ್ಮ ಹೆಸರನ್ನೂ ಹಾಕಿಕೊಂಡಿಲ್ಲ. ಅವನಿಗೆ ಓದಿ ಹೇಳಿದ ಮೇಲೆಯೇ ಇದನ್ನು ಕನ್ನಡ ಸಂಘಕ್ಕೆ ಕಳಿಸಿದ್ದೇವೆ.

ಕಥೆ ಶುರುವಾಗುವುದು ರಾಜ್ಯೋತ್ಸವದ ಗುಂಪು ಭಾಷಣ ಸ್ಪರ್ಧೆಯಿಂದ. ನಿಮಗೆ ನೆನಪಿರಬಹುದು, ವಿಷಯಗಳನ್ನು ಚೀಟಿ ಎತ್ತಿ ಕೊಟ್ಟಿದ್ದರು. ಪಕ್ಕದ ರೂಮಿನವರಿಗೆ "ಕೃತಕ ಬುದ್ಧಿಮತ್ತೆ ಮತ್ತು ಕನ್ನಡ" ಬಂತು. ನಮಗೆ ಬಂದ ಚೀಟಿ ಬಿಚ್ಚಿದರೆ "ಸಂಘರ್ಷಪೀಡಿತ ಬುಡಕಟ್ಟು ಪ್ರದೇಶಗಳಲ್ಲಿ ಉನ್ನತ ಶಿಕ್ಷಣದ ಸವಾಲುಗಳು". ಓದುವಷ್ಟರಲ್ಲೇ ಉಸಿರು ಕಟ್ಟಿತು. "ಬದಲಿ ಮಾಡಿಕೊಡ್ರಿ ಸರ್" ಅಂತ ಕೇಳಿದೆವು. ಆಗಲಿಲ್ಲ. ಖುಷಿಯಾಗಿದ್ದವನು ರಾಮದುರ್ಗ ಒಬ್ಬನೇ. "ಇರ್ಲಿ ಬಿಡ್ರಲೇ, ಇದರಾಗ ಮಾತಾಡಾಕ ಭಾಳ ಐತಿ" ಅಂದ.

ಅವನು ಯಾಕೆ ಹಾಗೆ ಅಂದ ಅಂತ ಆಗ ನಾವು ಕೇಳಲಿಲ್ಲ.

ಓದಲು ಕೂತೆವು. ಮೊದಲ ದಿನವೇ ಒಂದು ಎಡವಟ್ಟು. ನಕ್ಸಲ್ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿ ಬಿಜಾಪುರ ಅಂತ ಇತ್ತು. "ಏ, ನಮ್ಮ ವಿಜಯಪುರದಾಗ ನಕ್ಸಲರು ಯಾವಾಗ ಬಂದ್ರು?" ಅಂತ ಅರ್ಧ ತಾಸು ತಲೆ ಕೆಡಿಸಿಕೊಂಡೆವು. ಅದು ಛತ್ತೀಸಗಢದ ಬಿಜಾಪುರ, ಬಸ್ತರ್ ಸೀಮೆಯದು ಅಂತ ಆಮೇಲೆ ತಿಳಿಯಿತು. ಆದರೆ ಆ ಹೆಸರಿನಿಂದಲೇ ನಾವು ಬಸ್ತರಿನ ಒಳಗೆ ಹೋದೆವು. 2005ರಲ್ಲಿ ಅಲ್ಲಿ ಸಲ್ವಾ ಜುಡುಮ್ ಶುರುವಾದ ಮೇಲೆ ನೂರಾರು ಹಳ್ಳಿಗಳು ಖಾಲಿಯಾದವು. ಶಾಲೆಯ ಕಟ್ಟಡಗಳನ್ನು ಒಂದು ಕಡೆಯಿಂದ ಮಾವೋವಾದಿಗಳು ಕೆಡವಿದರು, ಇನ್ನೊಂದು ಕಡೆಯಿಂದ ಭದ್ರತಾ ಪಡೆಗಳು ಶಾಲೆಗಳಲ್ಲೇ ಬಿಡಾರ ಹೂಡಿದವು. ಶಾಲೆಗಳನ್ನು ಖಾಲಿ ಮಾಡಿ ಅಂತ ಕೊನೆಗೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಳಗಿನ ಊರುಗಳ ಮಕ್ಕಳನ್ನು ರಸ್ತೆ ಬದಿಯ ಊರುಗಳಿಗೆ ತಂದು ಬಿದಿರಿನ ತಟ್ಟಿ ಗೋಡೆಯ ವಸತಿ ಶಾಲೆಗಳಲ್ಲಿ ಇಟ್ಟರು. ಅವುಗಳಿಗೆ ಪೋಟಾ ಕ್ಯಾಬಿನ್ ಅನ್ನುತ್ತಾರೆ. ಜಗದಲ್‌ಪುರದಲ್ಲಿ ಒಂದು ವಿಶ್ವವಿದ್ಯಾಲಯ ಬಂದಿದ್ದು 2008ರಲ್ಲಿ. ಅಂದರೆ ಅಲ್ಲಿಯ ಹುಡುಗ ಒಂದನೇ ಕ್ಲಾಸಿಗೇ ಊರು ಬಿಡಬೇಕು, ಕಾಲೇಜಿಗೆ ಇನ್ನೂ ದೂರ ಹೋಗಬೇಕು. ರಜೆಗೆ ಊರಿಗೆ ಬಂದರೆ ಪೊಲೀಸರು "ಇವ ಯಾರ ಕಡೆಯವ?" ಅಂತಾರೆ, ಕಾಡಿನವರು "ಇವ ಯಾರಿಗೆ ಸುದ್ದಿ ಕೊಡ್ತಾನ?" ಅಂತಾರೆ.

ಮಣಿಪುರದ್ದು ನಮಗೆ ಇನ್ನೂ ಹತ್ತಿರ ಅನ್ನಿಸಿತು, ಯಾಕೆಂದರೆ ಅದು ನಾವು ಪಿಯುಸಿಯ ಹೊತ್ತಿನಲ್ಲಿ ಟೀವಿಯಲ್ಲಿ ನೋಡಿದ್ದು. 2023ರ ಮೇ 3ರಂದು ಗಲಭೆ ಶುರುವಾಯಿತು. ತಿಂಗಳುಗಟ್ಟಲೆ ಇಂಟರ್ನೆಟ್ ಇಲ್ಲ. ಕುಕಿ-ಜೋ ಹುಡುಗರು ಇಂಫಾಲದ ಕಾಲೇಜಿಗೆ ಕಾಲಿಡುವಂತಿಲ್ಲ, ಮೈತೇಯಿ ಹುಡುಗರು ಚುರಾಚಾಂದಪುರದ ಕಡೆ ಹೋಗುವಂತಿಲ್ಲ. ನಿನ್ನೆಯವರೆಗೆ ಒಂದೇ ಲ್ಯಾಬಿನಲ್ಲಿ ಇದ್ದವರು ಒಬ್ಬರ ಊರಿಗೆ ಒಬ್ಬರು ಹೋಗದಂತಾದರು. ಒಂದು ದಿನ ವೈ-ಫೈ ಹೋದರೆ ವಾರ್ಡನ್ ಬಾಗಿಲು ತಟ್ಟುವ ನಾವು ಇದನ್ನು ಓದಿ ಸ್ವಲ್ಪ ಸುಮ್ಮನಾದೆವು.

ಅಷ್ಟರಲ್ಲಿ ರಾಮದುರ್ಗ ಲೈಬ್ರರಿಯಿಂದ ಬಂದು, "ಎಲ್ಲಾ ದೂರದ್ದ ಹುಡಕಾಕತ್ತೀರಲ್ಲ, ನಮ್ಮ ಕರ್ನಾಟಕದಾಗ ಆಗಿಲ್ಲೇನು?" ಅಂತ ಒಂದು ಪ್ರಕರಣ ಮುಂದಿಟ್ಟ. ವಿಠಲ ಮಲೆಕುಡಿಯ. ಬೆಳ್ತಂಗಡಿ ತಾಲೂಕಿನ ಕುತ್ಲೂರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಊರು. ಮಲೆಕುಡಿಯರು ಅಲ್ಲಿಯ ಮೂಲನಿವಾಸಿಗಳು. ಆಗ ವಿಠಲ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು, ಹಾಸ್ಟೆಲ್ಲಿನಲ್ಲಿದ್ದರು. 2012ರ ಮಾರ್ಚಿನಲ್ಲಿ ಊರಿಗೆ ಬಂದಿದ್ದಾಗ ನಕ್ಸಲ್ ನಿಗ್ರಹ ದಳದವರು ಅವರನ್ನೂ ಅವರ ತಂದೆಯನ್ನೂ ಹಿಡಿದರು. ರಾಜದ್ರೋಹ, ಯುಎಪಿಎ ಎಲ್ಲ ಹಾಕಿದರು. ಮನೆಯಲ್ಲಿ ಸಿಕ್ಕ ವಸ್ತುಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕ, ಪೇಪರಿನ ತುಣುಕುಗಳು, ಊರಿಗೆ ಮೂಲಸೌಕರ್ಯ ಕೊಡದಿದ್ದರೆ ಮತದಾನ ಬಹಿಷ್ಕರಿಸುವ ಪತ್ರ ಇದ್ದವು. ಕೈಗೆ ಕೋಳ ಹಾಕಿಕೊಂಡೇ ಅವರು ಪರೀಕ್ಷೆ ಬರೆದರು. ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ವಿಠಲ ಪತ್ರಕರ್ತರಾಗಿದ್ದರು.

"ಒಂಬತ್ತು ವರ್ಷ ಆತ ನೋಡಪಾ. ನಾ ವಿದ್ಯಾರ್ಥಿ ಅಂತ ಸಾಬೀತು ಮಾಡಾಕ ಒಂಬತ್ತು ವರ್ಷ" ಅಂದ ರಾಮದುರ್ಗ.

ಈ ಮಾತನ್ನು ನಾವು ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆವು. ಚೆನ್ನಾಗಿ ಕಾಣುತ್ತಿತ್ತು.

ಪಿಪಿಟಿ ಹತ್ತು ಸ್ಲೈಡ್ ಆಯಿತು. ಸಮಯ ಇದ್ದದ್ದು ಏಳು ನಿಮಿಷ. ಎರಡು ಸ್ಲೈಡ್ ತೆಗೆಯಬೇಕು. ರಾಮದುರ್ಗ ಮಾಡಿದ್ದರಲ್ಲಿ ಕೊನೆಯ ಎರಡನ್ನೇ ತೆಗೆದೆವು. ಒಂದು ಖಾನಾಪುರದ ಸಿದ್ದಿಯರದು, ಇನ್ನೊಂದು ಹಲಗಲಿಯ ಬೇಡರದು. "ಹಲಗಲಿ ಇತಿಹಾಸ ಆತಲೇ, ಟಾಪಿಕ್ ಉನ್ನತ ಶಿಕ್ಷಣ ಐತಿ" ಅಂತ ಬೈಲಹೊಂಗಲ ಅಂದ. "ಮತ್ತ ನಮ್ಮ ಕಡೆ ಸಂಘರ್ಷ ಎಲ್ಲಿ ಐತಿ?" ಅಂತ ಕಿತ್ತೂರು ಸೇರಿಸಿದ. ಪ್ರತಿ ವರ್ಷ ಕಿತ್ತೂರು ಉತ್ಸವಕ್ಕೆ ಹೋಗಿ 1824ರ ಯುದ್ಧದ ಭಾಷಣ ಕೇಳಿ ಚಪ್ಪಾಳೆ ತಟ್ಟುವವನು ಈ ಮಾತು ಅಂದ. ಬೈಲಹೊಂಗಲದವನ ಮನೆಯಿಂದ ಚನ್ನಮ್ಮನ ಸಮಾಧಿ ನಡೆದುಹೋಗುವಷ್ಟು ದೂರ. ರಾಮದುರ್ಗ ಏನೂ ಅನ್ನಲಿಲ್ಲ. ಡಿಲೀಟ್ ಮಾಡಬೇಡ್ರಿ, ಬೇರೆ ಫೈಲಿನಲ್ಲಿ ಇಡ್ರಿ ಅಂದ ಅಷ್ಟೇ.

ಸ್ಪರ್ಧೆಯ ದಿನ ಎಲ್ಲ ಚೆನ್ನಾಗಿಯೇ ಹೋಯಿತು. ಅಂಕಿ ಅಂಶ ಹೇಳಿದೆವು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ದಾಖಲಾತಿ ಪ್ರಮಾಣ 28.4, ಪರಿಶಿಷ್ಟ ಪಂಗಡದವರದು 21.2. ಕೊನೆಗೆ ಪ್ರಶ್ನೆಗಳ ಸಮಯ. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತು, "ರಿಸರ್ವೇಶನ್ ಐತಿ, ಸ್ಕಾಲರ್‌ಶಿಪ್ ಐತಿ, ಹಾಸ್ಟೆಲ್ ಐತಿ. ಇನ್ನೇನ್ರಿ ಸವಾಲು?" ಅಂದ. ಸಭೆಯಲ್ಲಿ ನಗು. ಮೈಕ್ ಬೈಲಹೊಂಗಲದ ಕೈಯಲ್ಲಿತ್ತು. ಅವನು ಸಮಯಸ್ಫೂರ್ತಿ ಅಂತ ತಿಳಿದು, "ದೊಡ್ಡ ಸವಾಲು ಅಂದ್ರ ಮುಂಜಾನೆ ಎಂಟರ ಕ್ಲಾಸು ರೀ" ಅಂದುಬಿಟ್ಟ. ಇನ್ನೂ ದೊಡ್ಡ ನಗು. ನಾವು ಮೂವರೂ ನಕ್ಕೆವು. ರಾಮದುರ್ಗ ಲ್ಯಾಪ್‌ಟಾಪಿನ ಹತ್ತಿರ ನಿಂತಿದ್ದ. ಅವನ ಮುಖ ನಾವು ನೋಡಲಿಲ್ಲ.

ಎರಡನೇ ಬಹುಮಾನ ಬಂತು.

ಡಿಸೆಂಬರಿನಲ್ಲಿ ಅವನು ಊರಿಗೆ ಹೋದ. ಜಾತ್ರೆ ಇರಬೇಕು ಅಂದುಕೊಂಡೆವು. ಫೋನ್ ಮಾಡಿದರೆ "ಬರ್ತೇನಿ, ಬರ್ತೇನಿ" ಅಂತಿದ್ದ. ಪರೀಕ್ಷೆ ಶುರುವಾಯಿತು, ಬರಲಿಲ್ಲ. ಪರೀಕ್ಷೆ ಮುಗಿಯಿತು, ಫೋನ್ ಸ್ವಿಚ್ ಆಫ್. ಅವನ ಕಾಟಿನ ಮೇಲೆ ನಮ್ಮ ಬ್ಯಾಗು, ಡ್ರಾಫ್ಟರು, ಒಗೆಯದ ಬಟ್ಟೆ ಬಂದು ಕೂತವು. ಫೆಬ್ರವರಿಯ ಒಂದು ಭಾನುವಾರ ಮೂವರೂ ಹೊರಟೆವು. ನಮ್ಮ ನಾಲ್ಕೂ ಊರಿಗೆ ರೈಲಿಲ್ಲ, ಕೆಂಪು ಬಸ್ಸೇ ಗತಿ. ಸವದತ್ತಿಗೆ ಬಂದು, ಅಲ್ಲಿ ಸವದತ್ತಿಯವನ ಮನೆಯಲ್ಲಿ ರೊಟ್ಟಿ ಉಂಡು, ರಾಮದುರ್ಗದ ಬಸ್ ಹತ್ತಿ, ಅಲ್ಲಿಂದ ಟಂಟಂ ಹಿಡಿದು ಮಲಪ್ರಭೆಯ ದಂಡೆಯ ಅವನ ಹಳ್ಳಿ ಮುಟ್ಟುವಷ್ಟರಲ್ಲಿ ಹೊತ್ತು ಮೂರಾಗಿತ್ತು.

ಅವನು ಮನೆಯಲ್ಲಿರಲಿಲ್ಲ. ಅವನ ಅವ್ವ ಇದ್ದರು. "ಬರ್ರೆಪಾ, ಕೂಡ್ರಿ. ಕಬ್ಬಿನ ಟ್ರ್ಯಾಕ್ಟರ್ ಮ್ಯಾಲೆ ಹೋಗ್ಯಾನ, ಸಂಜೀಕ ಬರ್ತಾನ" ಅಂದರು. ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಕಂದು ಗೆರೆ ಇತ್ತು. ನಾವು ಅದನ್ನೇ ನೋಡುತ್ತಿದ್ದೆವು. "ಅದು ನೀರಿಂದು" ಅಂದರು ಅವ್ವ. 2019ರ ಆಗಸ್ಟಿನ ಪ್ರವಾಹ. ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟಾಗ ರಾಮದುರ್ಗ ಊರೊಳಗೇ ಹೊಳೆ ಬಂದಿದ್ದು ನಮಗೂ ನೆನಪಿದೆ. ಆಗ ಅವನು ಹೈಸ್ಕೂಲಿನಲ್ಲಿದ್ದ. ಮನೆಯವರೆಲ್ಲ ಎತ್ತರದ ಶಾಲೆಯಲ್ಲಿ ವಾರಗಟ್ಟಲೆ ಇದ್ದರಂತೆ. ದನ ಉಳಿದವು, ಟ್ರಂಕ್ ಉಳಿಯಲಿಲ್ಲ. ಟ್ರಂಕಿನಲ್ಲಿ ಅಪ್ಪನ ಶಾಲೆ ಬಿಟ್ಟ ದಾಖಲೆ ಇತ್ತು. ಅಪ್ಪ ನಾಲ್ಕನೇತ್ತ ಓದಿದ ಶಾಲೆಯ ಹಳೇ ರಜಿಸ್ಟರೂ ನೆನೆದು ಅಕ್ಷರ ಕಲಸಿಹೋಗಿದ್ದವು.

ಒಂದು ಹಾಳೆ ಕಳೆದರೆ ಏನಾಗುತ್ತದೆ ಅಂತ ನಮಗೆ ತಿಳಿದದ್ದು ಸಂಜೆ, ಅವನು ಬಂದ ಮೇಲೆ. ಮೈಯೆಲ್ಲ ಧೂಳು. ನಮ್ಮನ್ನು ನೋಡಿ ನಕ್ಕ. ಜಂತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲ ಇಳಿಸಿ, ಒಂದೊಂದೇ ಕಾಗದ ನೆಲದ ಮೇಲೆ ಹರವಿದ.

ಅವರದು ಬೇಡರ ಸಮುದಾಯ. ಊರಿನಲ್ಲಿ ತಳವಾರಿಕೆ ಮಾಡುತ್ತಿದ್ದ ಮನೆತನ, ಹಾಗಾಗಿ ಅಡ್ಡಹೆಸರು ತಳವಾರ. ಅಪ್ಪನ ಕಳೆದುಹೋದ ದಾಖಲೆಯಲ್ಲಿ ಇದ್ದದ್ದು "ಹಿಂದೂ ಬೇಡರ". ಅಕ್ಕನ ಶಾಲಾ ದಾಖಲೆಯಲ್ಲಿ "ತಳವಾರ" ಅಂತ ಬರೆಸಿದ್ದರು. ಆಗ ತಳವಾರ ಅನ್ನುವ ಹೆಸರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿತ್ತು, ಅಕ್ಕನಿಗೆ ಆ ಸರ್ಟಿಫಿಕೇಟೇ ಸಿಕ್ಕಿತು. 2020ರಲ್ಲಿ ಕೇಂದ್ರದ ತಿದ್ದುಪಡಿ ಬಂದು ತಳವಾರ, ಪರಿವಾರ ಎರಡೂ ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಅವನಿಗೆ ಎಸ್ಟಿ ಸರ್ಟಿಫಿಕೇಟ್ ಸಿಕ್ಕಿತು, ಸಿಇಟಿಯಲ್ಲಿ ಸೀಟೂ ಸಿಕ್ಕಿತು. ಆದರೆ ಅಪ್ಪನ ಆಧಾರಿನಲ್ಲಿ ಅಡ್ಡಹೆಸರು "ನಾಯಕ" ಅಂತ ಇದೆ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ತಳವಾರ". ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಆರ್‌ಡಿ ನಂಬರ್ ಹಾಕಿದರೆ ಒಂದು ಹೆಸರು, ಆಧಾರ್ ಹಾಕಿದರೆ ಇನ್ನೊಂದು ಹೆಸರು. ಸರಿಮಾಡಿಸಲು ಅಪ್ಪನ ಶಾಲಾ ದಾಖಲೆ ತನ್ನಿ ಅಂದರು. ಅದು ಹೊಳೆಯಲ್ಲಿ ಹೋಗಿದೆ.

ಒಂದು ಕಚೇರಿಯ ಕೌಂಟರಿನಲ್ಲಿ ಅವನ ಅಪ್ಪನಿಗೆ ಒಬ್ಬರು ಕೇಳಿದರಂತೆ: "ಅಪ್ಪ ನಾಯಕ, ಮಗ ತಳವಾರ, ಮಗಳು ಪ್ರವರ್ಗ-1. ನೀವು ಖರೇ ಅಂದ್ರ ಯಾರು?"

ಅಪ್ಪ ಉತ್ತರ ಕೊಡದೆ ಬಂದರಂತೆ. ಮೊದಲ ವರ್ಷದ ಫೀಸನ್ನು ಕಬ್ಬಿನ ಗ್ಯಾಂಗಿನ ಮುಕಾದಮನ ಹತ್ತಿರ ಮುಂಗಡ ತಂದು ಕಟ್ಟಿದ್ದರು. ಸ್ಕಾಲರ್‌ಶಿಪ್ ಬಂದ ಮೇಲೆ ತೀರಿಸಿದರಾಯಿತು ಅನ್ನುವ ಲೆಕ್ಕ. ಸ್ಕಾಲರ್‌ಶಿಪ್ ಬರಲಿಲ್ಲ. ಎರಡನೇ ವರ್ಷದ ಬಾಕಿ ಕಟ್ಟಿದ ಮೇಲೆಯೇ ಪರೀಕ್ಷೆ ಅಂದಾಗ, ಮುಂಗಡ ತೀರಿಸಲು ಅಪ್ಪನ ಜೊತೆ ಇವನೂ ಹೋದ. ಹಂಗಾಮು ಮುಗಿಯುವವರೆಗೆ ಬಿಡುವಂತಿಲ್ಲ.

"ನಮಗ ಯಾಕ ಹೇಳಲಿಲ್ಲಲೇ?" ಅಂತ ಕೇಳಿದೆವು. ಸ್ವಲ್ಪ ಸಿಟ್ಟೂ ಬಂದಿತ್ತು.

ಅವನು ಕಾಗದ ಮಡಚುತ್ತ ಅಂದ, "ಮೊದಲನೇ ದಿನ ರೂಮಿಗೆ ಬಂದಾಗ ನೀವ್ ಏನ್ ಕೇಳಿದ್ರಿ, ನೆನಪೈತೇನು?"

ನೆನಪಿತ್ತು. "ರ್‍ಯಾಂಕ್ ಎಷ್ಟು?" ಅಂತ ಕೇಳಿದ್ದೆವು. ಅವನು ಹೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿ, "ಓ, ಎಸ್ಟಿ ಕೋಟಾನಾ?" ಅಂದಿದ್ದೆವು. ಬೈಯಲಿಲ್ಲ, ಜಗಳ ಮಾಡಲಿಲ್ಲ, ಅಷ್ಟು ಕೇಳಿ ಊಟಕ್ಕೆ ಹೋದೆವು. ಆಮೇಲೆ ಒಂದೂವರೆ ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಅವನ ಕೈಯಿಂದ ಗಣಿತ ಹೇಳಿಸಿಕೊಂಡು ಎಂ-ಟೂ ಪಾಸಾಗಿದ್ದೇವೆ. ಹತ್ತನೇತ್ತದವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ನಮಗಿಂತ ಒಳ್ಳೆಯ ಅಂಕ ತೆಗೆದಿದ್ದಾನೆ. ಆದರೆ ಆ ಮೊದಲ ದಿನದ ಪ್ರಶ್ನೆಯನ್ನು ನಾವು ಮರೆತಿದ್ದೆವು, ಅವನು ಮರೆತಿರಲಿಲ್ಲ.

"ಸ್ಟೇಜ್ ಮ್ಯಾಲೆ ನಕ್ಕಿದ್ದು ಬಿಡ್ರಿ, ಅದೇನ್ ದೊಡ್ಡದಲ್ಲ" ಅಂದ. "ಕೌಂಟರಿನ್ಯಾಗ ನೀ ಯಾರು ಅಂತಾರ. ಕ್ಲಾಸಿನ್ಯಾಗ ನೀ ಹೆಂಗ ಬಂದಿ ಅಂತಾರ. ದಿನಾ ಉತ್ತರ ಕೊಟ್ಟು ಕೊಟ್ಟು ಬ್ಯಾಸರ ಆಗತೈತಿ. ಮತ್ತ ನಿಮ್ಮ ಮುಂದೂ ಕಾಗದ ಹರವಬೇಕೇನು?"

ಆ ಹೊತ್ತಿಗೆ ಅವನ ಅವ್ವ ಚಹಾ ತಂದರು. ಒಳ್ಳೆಯದಾಯಿತು. ನಮಗೆ ಏನು ಹೇಳಬೇಕೋ ತಿಳಿದಿರಲಿಲ್ಲ.

ರಾತ್ರಿ ಅಲ್ಲೇ ಉಳಿದೆವು. ಮೊಬೈಲಿನಲ್ಲಿ ಆ ಎರಡು ಸ್ಲೈಡಿನ ಫೈಲ್ ಇನ್ನೂ ಇತ್ತು. ಮೊದಲ ಸಲ ಪೂರ್ತಿ ಓದಿದೆವು.

ಮೊದಲನೆಯದು ಸಿದ್ದಿಯರದು. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದರೆ ಖಾನಾಪುರದ ಕಾಡು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು ಅಲ್ಲಿಯೂ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲೂ, ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಯರಿಗೆ ಸಿಕ್ಕಿದ್ದು 2020ರಲ್ಲಿ, ತಳವಾರರನ್ನು ಸೇರಿಸಿದ ಅದೇ ತಿದ್ದುಪಡಿಯಲ್ಲಿ. ಕಾಡು ಒಂದೇ, ಬೀಗರು ಒಂದೇ, ನಡುವೆ ಜಿಲ್ಲೆಯ ಗಡಿ. ಗಡಿಯ ಆಚೆ ಮದುವೆಯಾಗಿ ಹೋದ ಅಕ್ಕನ ನೆರೆಯವರ ಮಗಳಿಗೆ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು. ಈಚೆ ಇರುವ ತಂಗಿಯ ಓರಗೆಯವರಿಗೆ ಹದಿನೇಳು ವರ್ಷ ಏನೂ ಇಲ್ಲ. ಆ ಹದಿನೇಳು ವರ್ಷದಲ್ಲಿ ಒಂದು ಇಡೀ ತಲೆಮಾರು ಕಾಲೇಜಿನ ವಯಸ್ಸು ದಾಟಿಹೋಗುತ್ತದೆ. ಸಿದ್ದಿ ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು ಕೂಡ 2020ರಲ್ಲೇ. ಕನ್ನಡವನ್ನೂ ಆಡುವ ಈ ಜನರನ್ನು ಬಸ್ಸಿನಲ್ಲಿ "ನೀವು ಯಾವ ದೇಶದವರು?" ಅಂತ ಇವತ್ತಿಗೂ ಕೇಳುತ್ತಾರೆ. ಕಿತ್ತೂರಿನವನು ತನ್ನ ಊರಿನ ಪಕ್ಕದ ಕಾಡಿನ ಈ ಸಂಗತಿಯನ್ನು ಓದಿದ್ದು ರಾಮದುರ್ಗದವನ ಸ್ಲೈಡಿನಲ್ಲಿ.

ಎರಡನೆಯದು ಹಲಗಲಿ. ಮುಧೋಳ ತಾಲೂಕಿನ ಊರು, ರಾಮದುರ್ಗದಿಂದ ಬಹಳ ದೂರವಿಲ್ಲ. 1857ರಲ್ಲಿ ಬ್ರಿಟಿಷರು ಪರವಾನಗಿ ಇಲ್ಲದ ಆಯುಧ ಇಟ್ಟುಕೊಳ್ಳುವಂತಿಲ್ಲ, ಒಪ್ಪಿಸಬೇಕು ಅಂದಾಗ, ಬೇಟೆಯೇ ಬದುಕಾಗಿದ್ದ ಬೇಡರು ಒಪ್ಪಲಿಲ್ಲ. ಹನುಮ, ಬಾಲ, ಜಡಗ, ರಾಮರ ಮುಂದಾಳತ್ವದಲ್ಲಿ ಎದುರಾದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೇ ಬೆಂಕಿ ಇಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಇದರ ಲಾವಣಿಯನ್ನು ನಾವೆಲ್ಲ ಹತ್ತನೇತ್ತದಲ್ಲಿ ಪಠ್ಯವಾಗಿ ಓದಿದ್ದೇವೆ, ಕಂಠಪಾಠ ಮಾಡಿ ಅಂಕ ತೆಗೆದುಕೊಂ­ಡಿದ್ದೇವೆ. ಆ ಬೇಡರ ವಂಶದವನೊಬ್ಬ ನಮ್ಮ ರೂಮಿನಲ್ಲೇ ಮಲಗುತ್ತಾನೆ ಅಂತ ನಮಗೆ ಹೊಳೆದೇ ಇರಲಿಲ್ಲ. ಸ್ಲೈಡಿನ ಕೆಳಗೆ ಅವನು ಎರಡು ಇಸವಿ ಬರೆದಿದ್ದ: 1991 ಮತ್ತು 2020. ಬೇಡ, ಬೇಡರ, ವಾಲ್ಮೀಕಿ ಅನ್ನುವ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಪರ್ಯಾಯ ಪದಗಳಾಗಿ ಸೇರಿಸಿದ್ದು 1991ರಲ್ಲಿ. ತಳವಾರ ಸೇರಿದ್ದು 2020ರಲ್ಲಿ. ಊರು ಸುಟ್ಟ ಮೇಲೆ ಹೆಸರು ಸರಿಯಾಗಿ ಬರೆಯಲು ನೂರಾ ಮೂವತ್ತು ವರ್ಷದ ಮೇಲೆ ಹಿಡಿಯಿತು, ಇನ್ನೂ ಒಂದು ಮನೆಯ ಕಾಗದಗಳಲ್ಲಿ ಹೊಂದಾಣಿಕೆ ಆಗಿಲ್ಲ.

ಆ ರಾತ್ರಿ ನಮಗೆ ನಮ್ಮ ಚೀಟಿಯ ವಿಷಯ ಅರ್ಥವಾಯಿತು. ಗುಂಡಿನ ಸದ್ದು ಇರುವಲ್ಲಿ ಮಾತ್ರ ಸಂಘರ್ಷ ಅಂತ ನಾವು ತಿಳಿದಿದ್ದೆವು. ಬಸ್ತರಿನ ಹುಡುಗನಿಗೆ ಎರಡೂ ಕಡೆಯವರು ನೀನು ಯಾರು ಅನ್ನುತ್ತಾರೆ. ಕುತ್ಲೂರಿನ ವಿದ್ಯಾರ್ಥಿಗೆ ಪೊಲೀಸರು ಅದನ್ನೇ ಕೇಳಿದರು. ಸಿದ್ದಿ ಹುಡುಗಿಗೆ ಬಸ್ಸಿನಲ್ಲಿ, ರಾಮದುರ್ಗದವನಿಗೆ ಕೌಂಟರಿನಲ್ಲಿ ಕೇಳುತ್ತಾರೆ. ಬಸ್ತರದ ಕಷ್ಟವೂ ನಮ್ಮ ಗೆಳೆಯನ ಕಷ್ಟವೂ ಒಂದೇ ತೂಕದ್ದು ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಜೀವದ ಮಾತು. ಆದರೆ ಕಾಲೇಜಿನ ಬಾಗಿಲಿಗೆ ಬಂದ ಈ ಹುಡುಗರಿಗೆ ಓದಿಗಿಂತ ಮೊದಲು ತಾವು ಯಾರು ಅಂತ ಸಾಬೀತು ಮಾಡುವುದೇ ಒಂದು ಕೋರ್ಸು. ಅದಕ್ಕೆ ಕ್ರೆಡಿಟ್ ಇಲ್ಲ, ಅಟೆಂಡೆನ್ಸ್ ಮಾತ್ರ ಕಡ್ಡಾಯ. ನಮ್ಮಂಥವರು ಆ ಕೋರ್ಸಿಗೆ ದಾಖಲಾಗಿಯೇ ಇಲ್ಲ, ಆದ್ದರಿಂದ ಇನ್ನೇನು ಸವಾಲು ಅಂತ ಕೇಳಿ ನಗಲು ನಮಗೆ ಸುಲಭ.

ಬೆಳಿಗ್ಗೆ ಹೊರಡುವಾಗ, "ಕ್ಲಾಸಿನ್ಯಾಗ ಎಲ್ಲಾರೂ ಸೇರಿ ರೊಕ್ಕ ಕೂಡಸ್ತೇವಿ, ಬಾಕಿ ಕಟ್ಟೂನು" ಅಂದೆವು. ಅವನು ಬೇಡ ಅಂದ. "ರೊಕ್ಕದ್ದು ಅಪ್ಪ ನಾನು ಮಾಡ್ಕೋತೇವಿ. ಆಗೂದಾದ್ರ ಒಂದಿನ ಕಚೇರಿಗೆ ನನ್ನ ಕೂಡ ಬರ್ರಿ."

ಹೋದೆವು. ಮಾರ್ಚಿನಲ್ಲಿ ಎರಡು ದಿನ ರಜೆ ಹಾಕಿ ನಾಲ್ವರೂ ಸರತಿಯಲ್ಲಿ ನಿಂತೆವು. ಮೊದಲು ವಕೀಲರ ಹತ್ತಿರ ಒಂದು ಅಫಿಡವಿಟ್ ಮಾಡಿಸಿದೆವು: ನಾಯಕ ಮತ್ತು ತಳವಾರ ಎರಡೂ ಅಡ್ಡಹೆಸರಿನ ವ್ಯಕ್ತಿ ಒಬ್ಬನೇ ಅಂತ. ಆಮೇಲೆ ಅಪ್ಪನ ಅಣ್ಣನ ಶಾಲಾ ದಾಖಲೆ ಬೇರೆ ಊರಿನ ಶಾಲೆಯಲ್ಲಿ ಸಿಕ್ಕಿತು, ಅದರಲ್ಲಿ "ಬೇಡರ" ಅಂತ ಸ್ಪಷ್ಟವಾಗಿತ್ತು. 2020ರ ತಿದ್ದುಪಡಿಯ ಪ್ರತಿಯನ್ನು ಸವದತ್ತಿ ಪ್ರಿಂಟ್ ತೆಗೆದುಕೊಂಡು ಬಂದಿದ್ದ. ಕೌಂಟರಿನವರು ನಮ್ಮನ್ನು ನೋಡಿ, "ನೀವ್ಯಾರು?" ಅಂದರು. "ದೋಸ್ತರು ರೀ" ಅಂದೆವು. ಕಾಗದ ನೋಡಿದರು, ವಂಶವೃಕ್ಷ ಕೇಳಿದರು, ಅದೂ ಇತ್ತು. ಅರ್ಜಿ ತಗೊಂಡು ಸ್ವೀಕೃತಿ ಚೀಟಿ ಕೊಟ್ಟರು. ಒಂದೂವರೆ ವರ್ಷದಿಂದ ಅಪ್ಪ ಮಗ ಅಲೆದಲ್ಲಿ ಸಿಗದೇ ಇದ್ದ ಚೀಟಿ ಅದು. ನಾಲ್ಕು ಜನ ನಿಂತದ್ದಕ್ಕೆ ಸಿಕ್ಕಿತೋ, ದೊಡ್ಡಪ್ಪನ ದಾಖಲೆಗೆ ಸಿಕ್ಕಿತೋ, ಹೇಳಲಾರೆವು. ಹೊರಗೆ ಬಂದು ಗಿರ್ಮಿಟ್ ತಿಂದೆವು. ರಾಮದುರ್ಗ ಬಿಲ್ ಕೊಟ್ಟ, ನಮಗೆ ಕೊಡಲು ಬಿಡಲಿಲ್ಲ.

ಇಷ್ಟು ಬರೆದದ್ದು ಮರುಕಕ್ಕಲ್ಲ, ಅವನಿಗೆ ಅದು ಬೇಕಾಗಿಯೂ ಇಲ್ಲ. ಈ ಪತ್ರಿಕೆ ಓದುವ ಜೂನಿಯರ್‌ಗಳಿಗೆ, ಊರಿನಲ್ಲಿ ಪಿಯುಸಿ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಅಪ್ಪ ಅವ್ವನ ಆಧಾರಿನ ಹೆಸರು, ನಿಮ್ಮ ಅಂಕಪಟ್ಟಿಯ ಹೆಸರು, ಜಾತಿ ಪ್ರಮಾಣಪತ್ರದ ಹೆಸರು ಮೂರೂ ಒಂದೇ ಇವೆಯಾ ಅಂತ ಸಿಇಟಿಗೆ ಮುಂಚೆಯೇ ನೋಡಿ. ಇಲ್ಲದಿದ್ದರೆ ಆಗಲೇ ಅಫಿಡವಿಟ್ ಮಾಡಿಸಿ. ಹಳೇ ದಾಖಲೆ ಇದ್ದರೆ ಫೋಟೋ ತೆಗೆದು ಇಡಿ, ಹೊಳೆ ದಂಡೆಯ ಊರಿನವರಂತೂ ಇವತ್ತೇ. ಕನ್ನಡ ಸಂಘದವರಿಗೂ ಒಂದು ಕೋರಿಕೆ ಇಟ್ಟಿದ್ದೇವೆ: ಮುಂದಿನ ಪ್ರವೇಶದ ಮೊದಲ ವಾರ ಒಂದು ಟೇಬಲ್ ಹಾಕಿ ಕೂಡೋಣ, ಅರ್ಜಿ ತುಂಬಲು, ಕಚೇರಿಗೆ ಜೊತೆಯಲ್ಲಿ ಹೋಗಲು ಸೀನಿಯರ್‌ಗಳು ಇರಲಿ. ನಮ್ಮ ಮೂವರ ಹೆಸರನ್ನು ಮೊದಲೇ ಬರೆಸಿದ್ದೇವೆ. ಮತ್ತೆ, ರೂಮಿಗೆ ಹೊಸಬ ಬಂದಾಗ ರ್‍ಯಾಂಕ್ ಕೇಳುವುದು ಬೇಡ. ಊರು ಕೇಳಿ, ಸಾಕು.

ಕಬ್ಬಿನ ಹಂಗಾಮು ಮುಗಿದಿದೆ. ಮುಂಗಡ ಇನ್ನೂ ಸ್ವಲ್ಪ ಬಾಕಿ ಇದೆಯಂತೆ. ಹೆಸರಿನ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ. ಆದರೆ ಜೂನಿಯರ್ ಬ್ಯಾಚಿನ ಜೊತೆ ಮೂರನೇ ಸೆಮಿಸ್ಟರಿಗೆ ಮತ್ತೆ ಸೇರುತ್ತೇನೆ ಅಂತ ಮೊನ್ನೆ ಫೋನಿನಲ್ಲಿ ಅಂದ. "ಬಂದ್ರ ಅದೇ ರೂಮ್ ಸಿಗತೈತೇನು?" ಅಂತ ಕೇಳಿದ. ವಾರ್ಡನ್‌ಗೆ ಹೇಳಿಟ್ಟಿದ್ದೇವೆ. ಅವನ ಕಾಟಿನ ಮೇಲಿಂದ ನಮ್ಮ ಬ್ಯಾಗು, ಬಟ್ಟೆ ಎಲ್ಲ ತೆಗೆದು ಒರೆಸಿ ಇಟ್ಟಿದ್ದೇವೆ. ಎರಡನೇ ಬಹುಮಾನದ ಸರ್ಟಿಫಿಕೇಟ್ ಮಾತ್ರ ಅವನದೇ ಕಪಾಟಿನಲ್ಲಿದೆ. ಅದರಲ್ಲಿ ಅವನ ಹೆಸರು ತಪ್ಪಾಗಿ ಅಚ್ಚಾಗಿದೆ, ನಾವು ಯಾರೂ ಗಮನಿಸಿರಲಿಲ್ಲ. ಈ ವಾರ ಸರಿಮಾಡಿಸಲು ಕೊಟ್ಟಿದ್ದೇವೆ.